ಸರ್ವರ್‌ನಲ್ಲಿ ಒಂದು ಮೇಲ್‌ಬಾಕ್ಸ್ ಪೂರ್ತಿ ಖಾಲಿಯಾಗಿದೆ, ಹಳೆಯ ಬ್ಯಾಕಪ್ ಇದೆ. ರಿಕವರಿ ಸಾಫ್ಟ್‌ವೇರ್ ಕೊಳ್ಳಲಾ, ಬ್ಯಾಕಪ್ ರೀಸ್ಟೋರ್ ಮಾಡಲಾ?

ಸಾಫ್ಟ್‌ವೇರ್ ಕೊಳ್ಳಬೇಡಿ. ಬ್ಯಾಕಪ್ಪನ್ನು ಸರ್ವರ್ ಮೇಲೆ ಹಾಕಲೂ ಬೇಡಿ. ನೀವು ಕೊಟ್ಟಿರುವ ಎರಡು ದಾರಿಯೂ ಈ ಹೊತ್ತಿಗೆ ತಪ್ಪು. ಸೇಲ್ಸ್‌ನವರ ಮೇಲ್ ಹೋಗಿದೆ, ಬ್ಯಾಕಪ್ ಕೆಲವು ವಾರ ಹಳೆಯದು, ಮಾಲೀಕರು ನಾಳೆಯೊಳಗೆ ಎಲ್ಲ ವಾಪಸ್ ಬೇಕು ಅಂತಿದ್ದಾರೆ ಅಂತ ಬರೆದಿದ್ದೀರಿ. ನಾನು ಬೆಳಗಾವಿಯಲ್ಲಿ ಇದೇ ಜಾಗದಲ್ಲಿ ನಿಂತಿದ್ದೆ. ಅದಕ್ಕೇ ಮೊದಲು ಒಂದು ಕೆಲಸ ಮಾಡಿ, ಆಮೇಲೆ ಉಳಿದದ್ದನ್ನು ಓದಿ. ಆ ಮೇಲ್‌ಬಾಕ್ಸ್ ತೆರೆಯುತ್ತಿದ್ದ ಕಂಪ್ಯೂಟರ್‌ಗಳಲ್ಲಿ ಈಗ ಆಫ್ ಆಗಿರುವುದು ಯಾವುದಾದರೂ ಇದೆಯಾ ನೋಡಿ. ಇದ್ದರೆ ಅದರ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ರಜೆಯಲ್ಲಿರುವವರ ಲ್ಯಾಪ್‌ಟಾಪ್, ಗೋಡೌನ್‌ನ ಹಳೆಯ ಮಷೀನ್, ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಮೊಬೈಲ್, ಯಾವುದನ್ನೂ ಬಿಡಬೇಡಿ. ವೈಫೈ ಇದ್ದರೆ ಮೊದಲು ರೂಟರ್‌ನಲ್ಲಿ ಆ ಮಷೀನನ್ನು ಬ್ಲಾಕ್ ಮಾಡಿ, ಆಮೇಲಷ್ಟೇ ಆನ್ ಮಾಡಿ.

ನಾನು ಆಗ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಐಟಿ ನೋಡಿಕೊಳ್ಳುತ್ತಿದ್ದೆ. ಐಟಿ ಅಂದರೆ ಪ್ರಿಂಟರ್, ಟ್ಯಾಲಿ, ಕ್ಯಾಮೆರಾ, ಮೇಲ್, ಎಲ್ಲವೂ. ಮೇಲ್ ಸರ್ವರ್ ನಮ್ಮದೇ, ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ತೆಗೆದುಕೊಳ್ಳುವ ಪ್ರೋಗ್ರಾಂ) ಮತ್ತು ಡವ್‌ಕಾಟ್ (ಬಂದ ಮೇಲನ್ನು ಇಟ್ಟುಕೊಂಡು ಎಲ್ಲರಿಗೂ ತೋರಿಸುವ ಪ್ರೋಗ್ರಾಂ). ಎಕ್ಸ್‌ಪೋರ್ಟ್ ವಿಭಾಗಕ್ಕೆ ಒಂದೇ ಐಡಿ. ಅದನ್ನು ಎಕ್ಸ್‌ಪೋರ್ಟ್ ಟೇಬಲ್‌ನಲ್ಲೂ ನೋಡುತ್ತಿದ್ದರು, ಡಿಸ್ಪ್ಯಾಚ್‌ನಲ್ಲೂ ನೋಡುತ್ತಿದ್ದರು, ಇನ್‌ಸ್ಪೆಕ್ಷನ್ ರೂಮಿನಲ್ಲೂ ನೋಡುತ್ತಿದ್ದರು. ಹೊರದೇಶದ ಗಿರಾಕಿಗಳ ಆರ್ಡರ್, ಡ್ರಾಯಿಂಗ್, ಟೆಸ್ಟ್ ಸರ್ಟಿಫಿಕೇಟ್ ಎಲ್ಲ ಅದರಲ್ಲೇ ಬರುತ್ತಿದ್ದವು.

ಒಂದು ಸಂಜೆ ಡಿಸ್ಪ್ಯಾಚ್‌ನ ಹೊಸ ಹುಡುಗನಿಗೆ ಮೇಲ್‌ಬಾಕ್ಸ್ ತುಂಬುತ್ತಿದೆ ಅಂತ ಸೂಚನೆ ಬಂತು. ಅವನು ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದ, ಟ್ರ್ಯಾಶ್ ಕೂಡ ಖಾಲಿ ಮಾಡಿದ. ತನ್ನ ಕಂಪ್ಯೂಟರ್‌ನಿಂದ ಮಾತ್ರ ಹೋಗುತ್ತದೆ ಅಂತ ಅವನ ಲೆಕ್ಕ. ಐಮ್ಯಾಪ್‌ನಲ್ಲಿ, ಅಂದರೆ ಮೇಲನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ಪದ್ಧತಿಯಲ್ಲಿ, ಎಲ್ಲರೂ ನೋಡುತ್ತಿರುವುದು ಸರ್ವರ್‌ನಲ್ಲಿರುವ ಒಂದೇ ಡಬ್ಬಿ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನನ್ನು ನಾನು ಅವತ್ತೂ ಬೈದಿಲ್ಲ, ಇವತ್ತೂ ಬೈಯುವುದಿಲ್ಲ. ನಿಮ್ಮಲ್ಲಿ ಯಾರು ಅಳಿಸಿದರು ಅಂತ ಹುಡುಕುತ್ತಾ ಕೂತಿದ್ದರೆ ಅದನ್ನು ಈಗಲೇ ಬಿಡಿ. ಆ ವಿಚಾರಣೆಗೆ ಹೆದರಿ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಮಗೆ ಈಗ ಬೇಕಾಗಿರುವುದು ಅವರ ಬಾಯಿಂದ ಸರಿಯಾದ ಸಮಯ, ಯಾವತ್ತು, ಎಷ್ಟು ಗಂಟೆಗೆ ಅಂತ.

ನಮ್ಮಲ್ಲಿ ಎರಡು ಬ್ಯಾಕಪ್ ಇದ್ದವು. ಒಂದು, ಪ್ರತಿ ರಾತ್ರಿ ಆರ್‌ಸಿಂಕ್ ಅನ್ನುವ ನಕಲು ಮಾಡುವ ಪ್ರೋಗ್ರಾಂ ಮೂಲಕ ಇನ್ನೊಂದು ಮಷೀನ್‌ಗೆ. ಅದರಲ್ಲಿ ಡಿಲೀಟ್ ಆಪ್ಷನ್ ಹಾಕಿತ್ತು. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ತೆಗೆದುಬಿಡು ಅಂತ ಅದರ ಅರ್ಥ. ಸಂಜೆ ಅಳಿಸಿದ್ದು ರಾತ್ರಿ ಅಲ್ಲಿಂದಲೂ ಹೋಯಿತು, ನಮಗೆ ಗೊತ್ತಾಗಿದ್ದು ಬೆಳಿಗ್ಗೆ. ಇಂಥ ನಕಲನ್ನು ದಯವಿಟ್ಟು ಬ್ಯಾಕಪ್ ಅಂತ ಕರೆಯಬೇಡಿ. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ಅಳಿಸುವಿಕೆಯಿಂದ ಕಾಪಾಡುವುದಿಲ್ಲ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನಲ್ಲೇ ಹೀಗಾಗಿತ್ತು. ಒಂದು ಸಾಫ್ಟ್‌ವೇರ್ ದೋಷದಿಂದ ಸುಮಾರು ಶೇ. 0.02ರಷ್ಟು ಬಳಕೆದಾರರ ಮೇಲ್ ಮಾಯವಾಯಿತು. ಗೂಗಲ್ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ನಕಲು ಇಡುತ್ತದೆ, ಆದರೆ ಆ ದೋಷ ಹಲವು ನಕಲುಗಳನ್ನೂ ಮುಟ್ಟಿತ್ತು. ಕೊನೆಗೆ ವಾಪಸ್ ತಂದಿದ್ದು ಆಫ್‌ಲೈನ್‌ನಲ್ಲಿ ಇಟ್ಟಿದ್ದ ಟೇಪ್‌ಗಳಿಂದ.

ಎರಡನೆಯದು ಯುಎಸ್‌ಬಿ ಡಿಸ್ಕ್‌ನಲ್ಲಿ ವಾರಕ್ಕೊಮ್ಮೆ ತೆಗೆಯುತ್ತಿದ್ದ ಟಾರ್ ಫೈಲ್, ಅಂದರೆ ಎಲ್ಲ ಫೈಲ್‌ಗಳನ್ನೂ ಒಂದೇ ಕಟ್ಟಾಗಿ ಕಟ್ಟಿದ್ದು. ಡಿಸ್ಕ್ ತುಂಬಿ ಸ್ಕ್ರಿಪ್ಟ್ ಸುಮ್ನೆ ನಿಂತುಹೋಗಿತ್ತು. ಕೊನೆಯ ಟಾರ್ ಮೂರು ವಾರ ಹಳೆಯದು.

ಈಗ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದರ ಹೊಸ್ತಿಲಲ್ಲೇ ಇದ್ದೀರಿ.

ಫೋನ್ ಮೇಲೆ ಫೋನ್ ಬರುತ್ತಿತ್ತು. ನಾನು ಖಾಲಿ ಫೋಲ್ಡರನ್ನು ಪಕ್ಕಕ್ಕೆ ಸರಿಸಿದೆ, ಅದೇ ಜಾಗದಲ್ಲಿ ಟಾರ್ ಬಿಚ್ಚಿದೆ, ಡವ್‌ಕಾಟ್ ಶುರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಮೂರು ವಾರದ ಹಿಂದಿನವರೆಗಿನ ಮೇಲ್ ಎಲ್ಲ ಬಂತು. ಎಲ್ಲರಿಗೂ ಸಮಾಧಾನ. ಉಳಿದ ಮೂರು ವಾರದ್ದು ಹೋಯಿತು ಅಂತಲೇ ಎಲ್ಲರೂ ಒಪ್ಪಿಕೊಂಡಿದ್ದರು.

ಹೋಗಿರಲಿಲ್ಲ. ಇನ್‌ಸ್ಪೆಕ್ಷನ್ ರೂಮಿನವರು ಊರಿನ ಜಾತ್ರೆಗೆ ಅಂತ ರಜೆ ಹಾಕಿದ್ದರು. ಅವರ ಕಂಪ್ಯೂಟರ್ ಆ ವಾರವಿಡೀ ಆಫ್. ಅದರ ಡಿಸ್ಕ್‌ನಲ್ಲಿ ಅವರು ರಜೆಗೆ ಹೋದ ದಿನದವರೆಗಿನ ಪ್ರತಿ ಮೇಲ್‌ನ ನಕಲು ಇತ್ತು. ಮೂರು ವಾರದಲ್ಲಿ ಬಹುಪಾಲು ಅಲ್ಲೇ ಕೂತಿತ್ತು. ನನ್ನ ತಲೆಯಲ್ಲಿ ಸರ್ವರ್ ಬಿಟ್ಟು ಬೇರೇನೂ ಇರಲಿಲ್ಲ. ಸೋಮವಾರ ಅವರು ಬಂದು ಕಂಪ್ಯೂಟರ್ ಆನ್ ಮಾಡಿ, ನನಗೆ ಫೋನ್ ಮಾಡಿ, 'ರೀ, ಮೇಲ್ ಎಲ್ಲ ಮೊದಲಿಂದ ಇಳೀತಾ ಇದೆ, ಏನಿದು?' ಅಂತ ಕೇಳಿದರು. ಓಡಿಹೋಗಿ ನೋಡಿದರೆ ಇನ್‌ಬಾಕ್ಸ್ ಬರಿದಾಗಿ, ಕೆಳಗಿನ ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ಕೇಬಲ್ ಕಿತ್ತೆ. ಅಷ್ಟರಲ್ಲಿ ಹಳೆಯ ನಕಲು ಹೋಗಿತ್ತು.

ಹೀಗೇಕೆ ಆಯಿತು ಅಂದರೆ, ಐಮ್ಯಾಪ್‌ನಲ್ಲಿ ಪ್ರತಿ ಮೇಲ್‌ಗೂ ಒಂದು ಯುಐಡಿ ನಂಬರ್ ಇರುತ್ತದೆ. ಪ್ರತಿ ಫೋಲ್ಡರ್‌ಗೂ ಯುಐಡಿ ವ್ಯಾಲಿಡಿಟಿ ಅಂತ ಇನ್ನೊಂದು ನಂಬರ್ ಇರುತ್ತದೆ. ನಮ್ಮ ಗೇಟಿನ ಇನ್‌ವರ್ಡ್ ರಿಜಿಸ್ಟರ್ ನೆನೆಸಿಕೊಳ್ಳಿ. ಯುಐಡಿ ಅಂದರೆ ಒಳಗಿನ ಕ್ರಮಸಂಖ್ಯೆ, ವ್ಯಾಲಿಡಿಟಿ ಅಂದರೆ ಪುಸ್ತಕದ ನಂಬರ್. ಪುಸ್ತಕವೇ ಬದಲಾದರೆ ಹಳೆಯ ಕ್ರಮಸಂಖ್ಯೆಗೆ ಅರ್ಥವಿಲ್ಲ. ಹಾಗಾಗಿ ಸರ್ವರ್ ಬೇರೆ ವ್ಯಾಲಿಡಿಟಿ ಹೇಳಿದ ಕೂಡಲೇ ಮೇಲ್ ಪ್ರೋಗ್ರಾಂ ತನ್ನಲ್ಲಿರುವ ನಕಲನ್ನು ಬಿಸಾಡಿ ಎಲ್ಲವನ್ನೂ ಮೊದಲಿಂದ ಇಳಿಸಿಕೊಳ್ಳಬೇಕು. ನಿಯಮವೇ ಹಾಗಿದೆ.

ನಮ್ಮಲ್ಲಿ ಆ ನಂಬರ್ ಬದಲಾಗಿದ್ದೇಕೆ? ಜಾಗ ಉಳಿಸಲು ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ನಾನೇ 'ಡವ್‌ಕಾಟ್' ಅಂತ ಹೆಸರು ಶುರುವಾಗುವ ಫೈಲ್‌ಗಳನ್ನೆಲ್ಲ ಬಿಟ್ಟಿದ್ದೆ. ಇಂಡೆಕ್ಸ್ ಫೈಲ್ ಅಲ್ವಾ, ತಾನಾಗೇ ಮತ್ತೆ ಹುಟ್ಟುತ್ತದೆ ಅಂತ. ಇಂಡೆಕ್ಸ್ ಹುಟ್ಟುತ್ತದೆ, ನಿಜ. ಆದರೆ ಅವುಗಳ ಜೊತೆ ಯುಐಡಿ ಲಿಸ್ಟ್ ಅಂತ ಇನ್ನೊಂದು ಫೈಲ್ ಇರುತ್ತದೆ. ಒಂದೊಂದು ಮೇಲನ್ನೂ ಒಂದೊಂದು ಫೈಲಾಗಿ ಇಡುವ ಮೇಲ್‌ಡಿರ್ ಪದ್ಧತಿಯಲ್ಲಿ ಪುಸ್ತಕದ ನಂಬರ್ ಅದರ ಮೊದಲ ಸಾಲಿನಲ್ಲೇ, ವಿ ಅಕ್ಷರದ ಪಕ್ಕದಲ್ಲಿ ಇರುತ್ತದೆ. ಅದು ಇಲ್ಲದಿದ್ದರೆ ಡವ್‌ಕಾಟ್ ಹೊಸ ನಂಬರ್ ಕೊಟ್ಟು ಹೊಸ ಪುಸ್ತಕ ತೆರೆಯುತ್ತದೆ. ಅವತ್ತು ಆಫೀಸಿನ ಎಲ್ಲ ಮೊಬೈಲ್, ಎಲ್ಲ ಲ್ಯಾಪ್‌ಟಾಪ್ ಒಟ್ಟಿಗೆ ಮೊದಲಿಂದ ಇಳಿಸತೊಡಗಿ ಇಂಟರ್ನೆಟ್ ಲೈನ್ ಕೂಡ ಸತ್ತುಹೋಗಿತ್ತು. ಕಾರಣ ಆಗ ನನಗೆ ಹೊಳೆಯಲಿಲ್ಲ.

ಯುಐಡಿ ಲಿಸ್ಟ್ ಸರಿಯಾಗಿದ್ದಿದ್ದರೂ ಆ ಮೂರು ವಾರದ ಮೇಲ್ ಉಳಿಯುತ್ತಿರಲಿಲ್ಲ, ಇದು ಗೊತ್ತಿರಲಿ. ಸರ್ವರ್‌ನಲ್ಲಿ ಇಲ್ಲದ ಮೇಲ್ ತನ್ನಲ್ಲೂ ಬೇಡ ಅಂತ ಪ್ರೋಗ್ರಾಂ ಅದನ್ನು ತೆಗೆದೇ ತೆಗೆಯುತ್ತದೆ. ಉಳಿಸುತ್ತಿದ್ದದ್ದು ಕೇಬಲ್ ಒಂದೇ. ಕೇಬಲ್ ಕಿತ್ತು, ಆ ಕಂಪ್ಯೂಟರ್‌ನಲ್ಲಿ ಮೇಲ್ ಪ್ರೋಗ್ರಾಂ ತೆರೆಯದೆ, ಅದರ ಪ್ರೊಫೈಲ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ನಕಲು ಮಾಡಬೇಕಿತ್ತು. ನೀವು ಔಟ್‌ಲುಕ್ ಬಳಸುತ್ತಿದ್ದರೆ, ಸರ್ವರ್‌ನ ಮೇಲ್‌ನ ನಕಲು ಇರುವ ಓಎಸ್‌ಟಿ ಫೈಲ್ ನಕಲು ಮಾಡಿಟ್ಟು, ನೆಟ್‌ವರ್ಕ್ ಇಲ್ಲದೆ ತೆರೆದು, ಅಲ್ಲಿಂದ ಸರ್ವರ್‌ಗೆ ಅಂಟಿಕೊಳ್ಳದ ಪಿಎಸ್‌ಟಿ ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿ.

ಆ ಮೂರು ವಾರದಲ್ಲಿ ಒಬ್ಬ ಗಿರಾಕಿ ಡ್ರಾಯಿಂಗ್‌ನ ಹೊಸ ರಿವಿಷನ್ ಕಳಿಸಿದ್ದ. ಒಂದು ಪಂಪ್ ಹೌಸಿಂಗ್‌ನ ಫ್ಲೇಂಜ್ ದಪ್ಪ ಬದಲಾಗಿತ್ತು. ಮೇಲ್ ಇಲ್ಲ, ಪ್ರಿಂಟ್ ತೆಗೆದಿರಲಿಲ್ಲ. ಹಳೆಯ ಪ್ಯಾಟರ್ನ್‌ನಲ್ಲೇ ಮೋಲ್ಡಿಂಗ್ ಆಗಿ, ಕಬ್ಬಿಣ ಸುರಿದು, ಶಾಟ್ ಬ್ಲಾಸ್ಟಿಂಗ್ ಮುಗಿದು, ಇನ್‌ಸ್ಪೆಕ್ಷನ್‌ಗೆ ಬಂದ ಮೇಲೆ ಗಿರಾಕಿ ಫೋನ್‌ನಲ್ಲಿ ರಿವಿಷನ್ ನಂಬರ್ ಕೇಳಿದ. ಆ ಲಾಟ್ ಪೂರ್ತಿ ಮತ್ತೆ ಫರ್ನೆಸ್‌ಗೆ ಹೋಯಿತು. ಅಂಗಳದಲ್ಲಿ ಆ ಹೌಸಿಂಗ್‌ಗಳನ್ನು ಒಡೆಯುವ ಸದ್ದು ನನ್ನ ಟೇಬಲ್‌ವರೆಗೂ ಕೇಳುತ್ತಿತ್ತು.

ಆಮೇಲೆ ನಮ್ಮನ್ನು ಕಾಪಾಡಿದ್ದು ಪೋಸ್ಟ್‌ಫಿಕ್ಸ್‌ನ ಲಾಗ್ ಫೈಲ್. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೆ ನಾನು ಒತ್ತಿ ಹೇಳುತ್ತೇನೆ. ಅದರಲ್ಲಿ ಮೇಲ್‌ನ ಒಳಗಿನ ಮಾತು ಇರುವುದಿಲ್ಲ, ವಿಷಯದ ಸಾಲೂ ಇರುವುದಿಲ್ಲ. ಆದರೆ ಯಾರಿಂದ, ಯಾರಿಗೆ, ಎಷ್ಟು ಗಂಟೆಗೆ, ಎಷ್ಟು ಗಾತ್ರ, ಮೆಸೇಜ್ ಐಡಿ ಏನು, ಎಲ್ಲ ಇರುತ್ತದೆ. ಲಾಗ್ ಕೆಲವು ವಾರಕ್ಕೆ ತಾನೇ ಅಳಿಸಿಕೊಳ್ಳುವ ಹಾಗೆ ಸೆಟ್ ಆಗಿರುತ್ತದೆ, ಹಾಗಾಗಿ ಇವತ್ತೇ ಬೇರೆ ಕಡೆ ನಕಲು ಮಾಡಿ. ಅದರಿಂದ ನಾನು ಕಳೆದುಹೋದ ದಿನಗಳ ಪಟ್ಟಿ ಮಾಡಿದೆ, ಕಳಿಸಿದವರ ಹೆಸರಿನ ಪ್ರಕಾರ ವಿಂಗಡಿಸಿದೆ. ಎಕ್ಸ್‌ಪೋರ್ಟ್‌ನವರು ಒಬ್ಬೊಬ್ಬರಿಗೂ ಬರೆದು, ಈ ತಾರೀಖಿನಿಂದ ಈ ತಾರೀಖಿನವರೆಗಿನ ಮೇಲ್‌ಗಳನ್ನು ಮತ್ತೆ ಕಳಿಸಿ ಅಂತ ಕೇಳಿದರು. ನಿಮ್ಮಲ್ಲಿ ಅಳಿಸಿದ ಮೇಲ್ ಕಳಿಸಿದವರ ಸೆಂಟ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತದೆ. ಕೇಳಲು ನಾಚಿಕೆ ಪಡಬೇಡಿ. ನಮ್ಮ ಗಿರಾಕಿಗಳು ಹೆಚ್ಚಿನವರು ಬೇಸರವಿಲ್ಲದೆ ಕಳಿಸಿದರು.

ಬ್ಯಾಕಪ್ ಬಿಚ್ಚುವುದು ಇದಾದ ಮೇಲೆ. ಪಕ್ಕದಲ್ಲಿ ಬೇರೆ ಫೋಲ್ಡರ್‌ನಲ್ಲಿ, ಸಾಧ್ಯವಾದರೆ ಬೇರೆ ಮಷೀನ್‌ನಲ್ಲೇ ಬಿಚ್ಚಿ. ನಿಮ್ಮದೂ ಡವ್‌ಕಾಟ್ ಆಗಿದ್ದರೆ ಅದರ ಜೊತೆಗೇ ಬರುವ ಅಡ್ಮಿನ್ ಉಪಕರಣ ಡವ್‌ಆಡ್ಮ್‌ನಲ್ಲಿ ಇಂಪೋರ್ಟ್ ಕಮಾಂಡ್ ಇದೆ. ಅದು ಹಳೆಯ ಮೇಲ್‌ಗಳನ್ನು ಚಾಲ್ತಿಯಲ್ಲಿರುವ ಮೇಲ್‌ಬಾಕ್ಸ್‌ನೊಳಗೆ ಒಂದು ಹೊಸ ಫೋಲ್ಡರ್ ಮಾಡಿ ತಂದಿಡುತ್ತದೆ. ಇವತ್ತು ಬಂದ ಮೇಲ್ ಅಲ್ಲಾಡುವುದಿಲ್ಲ, ಪುಸ್ತಕದ ನಂಬರ್ ಬದಲಾಗುವುದಿಲ್ಲ. ಕೈಯಿಂದ ಕಾಪಿ ಮಾಡುವುದಾದರೆ ಫೈಲ್‌ನ ಸಮಯ ಉಳಿಸುವ ಆಪ್ಷನ್ ಹಾಕಲೇಬೇಕು. ಮೇಲ್ ಬಂದ ದಿನ ಯಾವುದು ಅಂತ ಡವ್‌ಕಾಟ್ ಆ ಸಮಯವನ್ನೇ ನೋಡುತ್ತದೆ. ಇಲ್ಲವಾದರೆ ಹತ್ತು ವರ್ಷದ ಮೇಲ್ ಎಲ್ಲ ಇವತ್ತೇ ಬಂದ ಹಾಗೆ ಕಾಣುತ್ತದೆ.

ನಿಮ್ಮದು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಮೇಲ್ ಸರ್ವರ್ ಆಗಿದ್ದರೆ ಬ್ಯಾಕಪ್ ಮುಟ್ಟುವ ಮೊದಲು ಸರ್ವರ್‌ನಲ್ಲೇ ಹುಡುಕಿ. ಸೆಟ್ಟಿಂಗ್ ಬದಲಿಸಿರದಿದ್ದರೆ ಅಳಿಸಿದ ಮೇಲ್ 14 ದಿನ, ಅಳಿಸಿದ ಮೇಲ್‌ಬಾಕ್ಸ್ 30 ದಿನ ಅಲ್ಲೇ ಉಳಿದಿರುತ್ತದೆ. ಅವಧಿ ದಾಟಿದ್ದರೆ ಬ್ಯಾಕಪ್ಪನ್ನು ರಿಕವರಿ ಡೇಟಾಬೇಸ್ ಆಗಿ, ಅಂದರೆ ಚಾಲ್ತಿಯದರಿಂದ ಬೇರೆಯಾಗಿ ತೆರೆದು ಅಲ್ಲಿಂದ ಒಂದೇ ಮೇಲ್‌ಬಾಕ್ಸ್ ತೆಗೆಯಬಹುದು. ಎಕ್ಸ್‌ಚೇಂಜ್ ಡೇಟಾಬೇಸ್ ಸರಿಪಡಿಸುವ ಇಎಸ್‌ಇ ಯುಟಿಲ್‌ನ ರಿಪೇರಿ ಆಪ್ಷನ್ ಓಡಿಸಿ ಅಂತ ಯಾರಾದರೂ ಹೇಳಿದರೆ, ಮೊದಲು ಫೈಲ್‌ನ ಇನ್ನೊಂದು ನಕಲು ಇಟ್ಟುಕೊಳ್ಳಿ. ಅದು ಓದಲಾಗದ ಪುಟಗಳನ್ನು ಕಿತ್ತೆಸೆದು ಡೇಟಾಬೇಸ್ ಎಬ್ಬಿಸುತ್ತದೆ, ಎಸೆದದ್ದು ವಾಪಸ್ ಬರುವುದಿಲ್ಲ. ಗೂಗಲ್ ವರ್ಕ್‌ಸ್ಪೇಸ್ ಆಗಿದ್ದರೆ ಟ್ರ್ಯಾಶ್‌ನಿಂದ ಹೋದ ಮೇಲೆ 25 ದಿನದೊಳಗೆ ಅಡ್ಮಿನ್ ವಾಪಸ್ ತರಬಹುದು. ಅಲ್ಲಿ ನಿಮ್ಮ ಗಡಿಯಾರ ಓಡುತ್ತಿದೆ.

ರಿಕವರಿ ಸಾಫ್ಟ್‌ವೇರ್‌ಗೂ ಕೆಲಸವಿದೆ. ಫೈಲ್ ಇದೆ, ಆದರೆ ಕೆಟ್ಟು ತೆರೆಯುತ್ತಿಲ್ಲ ಅಂದಾಗ. ನಿಮ್ಮಲ್ಲಿ ಫೈಲ್ ಕೆಟ್ಟಿಲ್ಲ, ಮೇಲ್ ಅಳಿಸಿದೆ. ಅದಕ್ಕೆ ದುಡ್ಡು ಕೊಡುವ ಬದಲು ಅದೇ ದುಡ್ಡಿಗೆ ಎರಡು ಡಿಸ್ಕ್ ಕೊಳ್ಳಿ, ಒಂದು ಸದಾ ಆಫೀಸಿನ ಹೊರಗಿರಲಿ. ಪೋಸ್ಟ್‌ಫಿಕ್ಸ್ ಇದ್ದರೆ ಆಲ್ವೇಸ್ ಬಿಸಿಸಿ ಅಂತ ಒಂದು ಸಾಲಿನ ಸೆಟ್ಟಿಂಗ್ ಇದೆ, ಹೋಗುವ ಬರುವ ಪ್ರತಿ ಮೇಲ್‌ನ ಪ್ರತಿಯನ್ನೂ ಬೇರೆ ಡಬ್ಬಿಗೆ ಹಾಕುತ್ತದೆ. ಆ ಡಬ್ಬಿಯ ಪಾಸ್‌ವರ್ಡ್ ಯಾವ ಟೇಬಲ್‌ನಲ್ಲೂ ಇರಬಾರದು. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಇನ್‌ವಾಯ್ಸ್‌ಗಳೆಲ್ಲ ಮೇಲ್‌ನಲ್ಲೇ ಓಡಾಡುವ ಕಂಪನಿಗೆ ಡಿಸ್ಕ್ ದುಡ್ಡು ಜಾಸ್ತಿ ಆಯಿತು ಅಂತ ಮಾಲೀಕರು ಹೇಳುವ ಹಾಗಿಲ್ಲ.

ಇನ್ನು ನಾಳೆಯ ಮಾತು. ನಾಳೆಯೊಳಗೆ ಎಲ್ಲ ಬರುತ್ತದೆ ಅಂತ ಮಾಲೀಕರಿಗೆ ಮಾತು ಕೊಡಬೇಡಿ, ಆ ಅವಸರದಲ್ಲೇ ಕೈ ಸರ್ವರ್ ಮೇಲೆ ಹೋಗುತ್ತದೆ. ಒಂದು ಕಾಗದ ತೆಗೆದುಕೊಂಡು ಹೋಗಿ. ಬ್ಯಾಕಪ್ ತಾರೀಖಿನವರೆಗಿನದು ಇಷ್ಟು ಹೊತ್ತಿಗೆ ಪ್ರತ್ಯೇಕ ಫೋಲ್ಡರ್‌ನಲ್ಲಿ ಬರುತ್ತದೆ, ನಂತರದ್ದರಲ್ಲಿ ಇಂಥವರ ಕಂಪ್ಯೂಟರ್‌ನಲ್ಲಿ ಇಷ್ಟು ಸಿಕ್ಕಿದೆ, ಉಳಿದದ್ದನ್ನು ಈ ಪಟ್ಟಿಯಲ್ಲಿರುವವರಿಂದ ತರಿಸಬೇಕು ಅಂತ ಬರೆದುಕೊಡಿ. ಪಟ್ಟಿಯಲ್ಲಿ ಯಾವ ಗಿರಾಕಿಗೆ ಮೊದಲು ಫೋನ್ ಮಾಡಬೇಕು ಅಂತ ಮಾಲೀಕರೇ ಗುರುತು ಹಾಕಲಿ, ಆ ಫೋನ್ ಅವರೇ ಮಾಡಲಿ.