ಕಿಡ್ನಿಯಲ್ಲಿ ‘ಬಾಯಿ ಕ್ಯಾನ್ಸರ್’ ಬಂತೇ?

ಪ್ರಶ್ನೆ: ತಂದೆಗೆ 64 ವರ್ಷ, ಅಡಿಕೆ ಕೃಷಿಕರು. ಹದಿನೈದು ವರ್ಷದಿಂದ ಎಡ ಕಿಡ್ನಿಯಲ್ಲಿ ಕಲ್ಲು. ಬಾಳೆದಿಂಡಿನ ರಸ, ಕಾಡುಬಸಳೆ, ನಾಟಿ ಮದ್ದು ಎಲ್ಲ ಆಯಿತು. ಕಿಡ್ನಿ ಕೆಟ್ಟಿದೆಯೆಂದು ಈಗ ಮಂಗಳೂರಿನಲ್ಲಿ ತೆಗೆದರು. ರಿಪೋರ್ಟಿನಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂದಿದೆ. ಇದು ಬಾಯಿಯ ಕ್ಯಾನ್ಸರಲ್ಲವೇ? ಎಲೆಯಡಿಕೆಯಿಂದ ಕಿಡ್ನಿಗೆ ಇಳಿಯಿತೇ? – ಬದಿಯಡ್ಕದ ಓದುಗರು

ಉತ್ತರ: ಪಿತ್ತಕೋಶ, ಥೈರಾಯ್ಡ್, ಸ್ತನ – ಅಂಗದ ಹೆಸರು ಬದಲಾಗುತ್ತದೆ, ಪ್ರಶ್ನೆ ಇದೇ ಬರುತ್ತದೆ. ಸ್ಕ್ವೇಮಸ್ ಎಂಬುದು ಜೀವಕೋಶದ ಜಾತಿ (ಚರ್ಮ, ಬಾಯಿಗಳಲ್ಲಿರುವ ಚಪ್ಪಟೆ ಕೋಶ), ಊರಲ್ಲ. ಕಿಡ್ನಿಯಲ್ಲಿ ಮೂತ್ರ ಸೇರುವ ಚೀಲದ ಒಳಪದರ ಬೇರೆ ಜಾತಿಯದು. ಕಲ್ಲು ಅಲ್ಲಿ ವರ್ಷಗಟ್ಟಲೆ ಉಜ್ಜಿ, ಸೋಂಕು ಮರುಕಳಿಸಿದಾಗ ಆ ಪದರ ಚರ್ಮದಂತಹ ಸ್ಕ್ವೇಮಸ್ ಜಾತಿಗೆ ಬದಲಾಗುತ್ತದೆ. ಅದೇ ಮೆಟಾಪ್ಲಾಸಿಯ. ಅದರೊಳಗೆ ಜೀವಕೋಶಗಳ ಶಿಸ್ತು ತಪ್ಪಿ, ಅಪರೂಪಕ್ಕೆ ಕ್ಯಾನ್ಸರಾಗುತ್ತದೆ. ಜಿಂಕೆಯ ಕೊಂಬಿನಂತೆ ಕವಲೊಡೆದ ದೊಡ್ಡ ಕಲ್ಲಿನ ಜೊತೆಗೆ ಇದು ಹೆಚ್ಚು. ಸ್ಕ್ಯಾನಿನಲ್ಲಿ ಗಡ್ಡೆ ಕಾಣದೆ, ತೆಗೆದ ಕಿಡ್ನಿಯನ್ನು ಕೊಯ್ದು ನೋಡಿದಾಗಲೇ ಗೊತ್ತಾಗುವುದು ಸಾಮಾನ್ಯ.

ಸೂಕ್ಷ್ಮದರ್ಶಕದಡಿ ಈರುಳ್ಳಿ ಅಡ್ಡಕೊಯ್ದಂತೆ ಸುತ್ತುಸುತ್ತಾದ ಗುಲಾಬಿ ಮುತ್ತುಗಳು ಕಾಣುತ್ತವೆ, ಉಗುರು-ಕೂದಲಿನಲ್ಲಿರುವ ಕೆರಟಿನ್‌ನವು. ಬಾಯಿಯ ಗಡ್ಡೆಯಲ್ಲೂ ಶ್ವಾಸಕೋಶದ ಗಡ್ಡೆಯಲ್ಲೂ ಅವು ಹೀಗೇ ಇರುತ್ತವೆ. ಪಿ40, ಸಿಕೆ5/6 ಎಂಬ ವಿಶೇಷ ಬಣ್ಣದ ಪರೀಕ್ಷೆಗಳು ಜಾತಿ ಹೇಳುತ್ತವೆ, ಹುಟ್ಟಿದ ಜಾಗ ಹೇಳುವುದಿಲ್ಲ. ಆದ್ದರಿಂದ ‘ಪ್ರೈಮರಿ’ (ಇಲ್ಲೇ ಹುಟ್ಟಿದ್ದು) ಎಂದು ಬರೆಯುವ ಮೊದಲು ಬೇರೆ ಮೂಲಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಗಂಟಲು, ಅನ್ನನಾಳ, ಶ್ವಾಸಕೋಶ, ಹೆಂಗಸರಾದರೆ ಗರ್ಭಕೊರಳು. ಎಲೆಯಡಿಕೆ ಜಗಿಯುವವರಲ್ಲಿ ಬಾಯಿ ನೋಡದೆ ಬಿಡುವುದು ಅಕ್ಷಮ್ಯ. ಎದೆ, ಹೊಟ್ಟೆಯ ಸಿಟಿ ಅಥವಾ ಪೆಟ್ ಸ್ಕ್ಯಾನ್ ಬೇಕು. ಗಡ್ಡೆಯ ಪಕ್ಕದ ಒಳಪದರದಲ್ಲೇ ಮೆಟಾಪ್ಲಾಸಿಯ ಇದ್ದರೆ ಅಲ್ಲೇ ಹುಟ್ಟಿತೆಂಬುದಕ್ಕೆ ಬಲವಾದ ಸಾಕ್ಷಿ. ರಿಪೋರ್ಟಿನಲ್ಲಿ ಆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಪೆಥಾಲಜಿಸ್ಟರನ್ನು ಕೇಳಿ, ಇನ್ನಷ್ಟು ತುಂಡು ಪರೀಕ್ಷಿಸಬಹುದು.

ಎಡವಟ್ಟಾಗುವುದು ಬಹಳ ಸಲ ಡಬ್ಬದಲ್ಲೇ. ಇಡೀ ಕಿಡ್ನಿಯನ್ನು ಸೀಳದೆ ಇಕ್ಕಟ್ಟಿನ ಬಾಟಲಿಗೆ ತುರುಕಿದರೆ ಫಾರ್ಮಲಿನ್ (ಅಂಗ ಕೆಡದಂತೆ ಇಡುವ ದ್ರವ) ನಡುವಿಗೆ ತಲುಪುವ ಮೊದಲೇ ಒಳಗೆ ಕೊಳೆಯುತ್ತದೆ. ಅಗಲ ಬಾಯಿಯ ಡಬ್ಬ, 10 ಶೇಕಡ ಫಾರ್ಮಲಿನ್, ಅಂಗದ ಗಾತ್ರಕ್ಕಿಂತ ಕನಿಷ್ಠ ಹತ್ತುಪಟ್ಟು. ಸಲೈನಿನಲ್ಲಿ ಇಟ್ಟು ಮರುದಿನ ತಂದರೆ ಪ್ರಯೋಜನವಿಲ್ಲ. ‘ಕಲ್ಲಿನ ಕಿಡ್ನಿ ತಾನೇ’ ಎಂದು ಪರೀಕ್ಷೆಗೇ ಕಳಿಸದವರೂ ಇದ್ದಾರೆ. ತೆಗೆದ ಕಿಡ್ನಿ ಪೆಥಾಲಜಿಗೆ ಹೋಯಿತೇ ಎಂದು ಮನೆಯವರು ಆ ದಿನವೇ ಕೇಳಬೇಕು.

ಮುಂದೆ: ಕಲ್ಲಿನ ಕಿಡ್ನಿಯೆಂದು ತೆಗೆದದ್ದರಿಂದ ಮೂತ್ರನಾಳ ಉಳಿದಿರಬಹುದು. ಅದನ್ನೂ ತೆಗೆಯಬೇಕೇ ಎಂದು ಯುರಾಲಜಿಸ್ಟ್, ಕ್ಯಾನ್ಸರ್ ತಜ್ಞ ಇಬ್ಬರೂ ಕೂತು ತೀರ್ಮಾನಿಸಲಿ. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಮದ್ದು ಕೊಡುವ ಮಾತು ಬಂದರೆ ಉಳಿದ ಒಂದೇ ಕಿಡ್ನಿಯ ಸೋಸುವ ಶಕ್ತಿ ಅಳೆಯಬೇಕು. ನಿಮಿಷಕ್ಕೆ 60 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಪೂರ್ಣ ಪ್ರಮಾಣ ಸಾಮಾನ್ಯವಾಗಿ ಕೊಡುವುದಿಲ್ಲ. ಅತಿ ಬಾಯಾರಿಕೆ, ಮಲಬದ್ಧತೆ, ಮಂಪರು ಕಂಡರೆ ರಕ್ತದ ಕ್ಯಾಲ್ಸಿಯಂ ಅಂದೇ ನೋಡಿಸಿ, ಈ ಗಡ್ಡೆ ಅದನ್ನು ಏರಿಸಬಲ್ಲದು. ಇದು ಬೇಗ ಹಬ್ಬುವ ಕಾಯಿಲೆ, ತಿಂಗಳು ಕಾಯಬೇಡಿ.

ಬಾಳೆದಿಂಡು ಕುಡಿದದ್ದು ತಪ್ಪಲ್ಲ. ‘ಕರಗುತ್ತಿದೆ, ಆಪರೇಷನ್ ಬೇಡ’ ಎಂದು ಒಂದು ಸ್ಕ್ಯಾನನ್ನೂ ಮಾಡಿಸದೆ ಹದಿನೈದು ವರ್ಷ ಪೊಟ್ಟಣ ಕೊಟ್ಟವರದು ತಪ್ಪು. ಕೊಂಬಿನ ಕಲ್ಲು ಯಾವ ರಸಕ್ಕೂ ಕರಗುವುದಿಲ್ಲ.

ಪ್ರಶ್ನೆ: ಇದು ಎಂಡೋಸಲ್ಫಾನಿನಿಂದಲೇ? – ಮುಳ್ಳೇರಿಯ

ಉತ್ತರ: ಆ ಕೀಟನಾಶಕ ಸಿಂಪಡಿಸಿದ ಗೇರುತೋಟಗಳ ಸುತ್ತಿನವರ ನೋವು ನಿಜ. ಆದರೆ ಹಳೆಯ ಕಲ್ಲು ಕಿಡ್ನಿಯಲ್ಲೇ ಕೂತಿರುವಾಗ ಕಾರಣವನ್ನು ಬೇರೆಡೆ ಹುಡುಕಬೇಡಿ.

ಪ್ರಶ್ನೆ: ಒಂದೇ ತಟ್ಟೆಯಲ್ಲಿ ಉಂಡರೆ ಅಂಟುತ್ತದೆಯೇ? – ಕುಂಬಳೆ

ಉತ್ತರ: ಇಲ್ಲ.

ಪ್ರಶ್ನೆ: ಅತ್ತಿಗೆಗೆ ಥೈರಾಯ್ಡಿನಲ್ಲಿ ಇದೇ ಹೆಸರು ಬಂದಿದೆ. ಥೈರಾಯ್ಡ್ ಕ್ಯಾನ್ಸರ್ ಸೌಮ್ಯವಂತಲ್ಲ? – ಪೆರ್ಲ

ಉತ್ತರ: ಆ ಮಾತು ಪ್ಯಾಪಿಲರಿ ವಿಧಕ್ಕೆ ಸಲ್ಲುತ್ತದೆ. ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಅತ್ಯಂತ ಉಗ್ರವಾದ ಅನಾಪ್ಲಾಸ್ಟಿಕ್ ಗುಂಪಿಗೆ ಸೇರಿಸಿದೆ. ಬ್ರಾಫ್ ಎಂಬ ಜೀನಿನ ಪರೀಕ್ಷೆ ಈ ವಾರವೇ ಮಾಡಿಸಿ, ಅದರಲ್ಲಿ ಬದಲಾವಣೆ ಇದ್ದರೆ ಕೊಡುವ ಮದ್ದುಗಳಿವೆ. ಬೇರೆ ಆಸ್ಪತ್ರೆಗೆ ಹೋಗುವಾಗ ಸ್ಲೈಡುಗಳ ಜೊತೆ ಗಡ್ಡೆಯ ತುಂಡು ಕೂರಿಸಿದ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಸ್ಲೈಡಷ್ಟೇ ಒಯ್ದರೆ ಆ ಪರೀಕ್ಷೆಗೆ ಸಾಕಾಗದೆ ಹಿಂದಿರುಗಬೇಕಾದೀತು.