ಚೀನೀ ಪಿಂಗಾಣಿಯ ಮೇಲೆ ಸಂಸ್ಕೃತ ಯಾಕೆ?

ಚೀನಾದ ನೀಲಿ-ಬಿಳಿ ಪಿಂಗಾಣಿ ಬಟ್ಟಲಿನ ಮೇಲೆ ದೇವನಾಗರಿ ಥರದ ಅಕ್ಷರ ಯಾಕಿದೆ, ಅದನ್ನು ಭಾರತಕ್ಕೆಂದು ಮಾಡಿದ್ದಾ ಅಂತ ಕೇಳಿದ್ದೀರಿ. ಹಾಗಲ್ಲ, ಇಂಥವು ಬೌದ್ಧ ಪೂಜೆಯ ನಂಟಿನವು. ಸಾಮಾನ್ಯವಾಗಿ ಅದು ರಂಜನಾ ಲಿಪಿ, ನೇಪಾಳದ ನೇವಾರರದ್ದು. ಟಿಬೆಟಿನ ಬೌದ್ಧರು ಸಂಸ್ಕೃತ ಮಂತ್ರ ಬರೆಯಲು ಇದನ್ನು ಬಳಸುತ್ತಾರೆ.

ಮಿಂಗ್ ಚಕ್ರವರ್ತಿ ಯೋಂಗ್ಲೆ 1407ರಲ್ಲಿ ಟಿಬೆಟಿನ ಬೌದ್ಧ ಗುರು ಐದನೇ ಕರ್ಮಪಾ ಅವರನ್ನು ನಾನ್‌ಜಿಂಗ್‌ಗೆ ಬರಮಾಡಿಕೊಂಡಿದ್ದ. ಆ ಕಾಲದಲ್ಲಿ ಪಿಂಗಾಣಿಯ ಊರಾದ ಜಿಂಗ್‌ಡೆಝೆನ್‌ನ ಅರಮನೆ ಆವಿಗೆಗಳಲ್ಲಿ ಟಿಬೆಟಿನ ಪೂಜೆಗೆ ಒಪ್ಪುವ ಪಾತ್ರೆಗಳು ತಯಾರಾದವು. ನನಗೆ ತುಂಬಾ ಇಷ್ಟವಾದದ್ದು ಒಂದು ಹೂಜಿ. ಅದರ ಬಾಯಿಯ ಅಂಚು ಲಾಮಾಗಳ ಟೋಪಿಯಂತೆ ಮೆಟ್ಟಿಲು ಮೆಟ್ಟಿಲಾಗಿದೆ! ಯೋಂಗ್ಲೆ ಕಾಲದ ಅಚ್ಚ ಬಿಳಿಯ ಹೂಜಿಗಳಿವೆ. ಮುಂದೆ ಷ್ವಾಂಡೆ ಚಕ್ರವರ್ತಿಯ ಕಾಲದಲ್ಲಿ (1426–1435) ನೀಲಿಯಲ್ಲಿ ಟಿಬೆಟನ್ ಸಾಲುಗಳನ್ನೇ ಬರೆದರು. ಅದೇ ಕಾಲದ, ರಂಜನಾ ಅಕ್ಷರಗಳಿರುವ ಮುಚ್ಚಳದ ದೊಡ್ಡ ಜಾಡಿ ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿದೆ.

ಕೋಬಾಲ್ಟ್ ಬಣ್ಣವನ್ನು ಸುಡುವ ಮೊದಲೇ ಹಚ್ಚಬೇಕು, ಮೆರುಗು ಅದರ ಮೇಲೆ. ಮಣ್ಣು ಬಣ್ಣವನ್ನು ತಕ್ಷಣ ಹೀರುತ್ತದೆ, ತಿದ್ದೋದು ಕಷ್ಟ. ಪರಭಾಷೆಯ ಅಕ್ಷರವನ್ನು ಹಾಗೆ ಕುಂಚದಲ್ಲಿ ಬರೆದವರ ಕೈ ಎಂಥದ್ದು ಅಲ್ವಾ?

ತಳದಲ್ಲಿ ಷ್ವಾಂಡೆ ಮುದ್ರೆ ಕಂಡರೆ ಸುಮ್ನೆ ನಂಬಬೇಡಿ. ನಂತರದವರೂ ಹಳೆಯ ಚಕ್ರವರ್ತಿಯ ಹೆಸರನ್ನು ಗೌರವದಿಂದ ಬರೆಯುತ್ತಿದ್ದರು. ಇಂಥ ಅಕ್ಷರದ ಬಟ್ಟಲುಗಳು ವಾನ್‌ಲಿ ಕಾಲದಲ್ಲೂ (1573–1620) ಆಗಿವೆ. ಬಟ್ಟಲಿನ ತಳದ ಫೋಟೋ ಇದ್ದರೆ ಹಾಕಿ.