‘ಯಾಕೆ’ ಅಂತ ಕೇಳಿದ್ದಕ್ಕೆ ಬಿದ್ದ ಪೆಟ್ಟು

ಮುಂಬೈಯ ಮುಲುಂಡಿನ ಒಂದು ಕುಟುಂಬ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಪ್ಪನಿಗೆ ಐವತ್ತು, ಮೂಲ ಕುಂದಾಪುರದ ಕಡೆ, ಸಣ್ಣ ಹೋಟೆಲ್ ಇದೆ. ಮಗ ಹತ್ತನೇ ಕ್ಲಾಸು. ಮೂರು ತಿಂಗಳಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ. ಇಬ್ಬರನ್ನೂ ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದವರು ತಾಯಿ.

ಭಾನುವಾರ ಗಲ್ಲಾದಲ್ಲಿ ಕೂರು ಅಂದಾಗ ಹುಡುಗ ‘ಯಾಕೆ, ನಾನೇ ಯಾಕೆ?’ ಅಂದ. ಅಪ್ಪ ಕೆಲಸದವರ ಎದುರೇ ಕೆನ್ನೆಗೆ ಬಾರಿಸಿದರು.

“ಎದುರು ಮಾತಾಡಿದರೆ ನನಗೆ ತಡೆಯಲಿಕ್ಕೆ ಆಗುವುದಿಲ್ಲ ಮೇಡಂ” ಅಂದರು. ಅವರ ಬಾಲ್ಯದ ಬಗ್ಗೆ ಕೇಳಿದೆ. 1987ರಲ್ಲಿ, ಕೊಂಕಣ ರೈಲು ಇನ್ನೂ ಇಲ್ಲದ ಕಾಲ, ಹನ್ನೆರಡು ವರ್ಷಕ್ಕೆ ಊರಿನವರೊಬ್ಬರ ಜೊತೆ ಬಸ್ಸು ಹತ್ತಿ ಬಂದವರು. ಟೇಬಲ್ ಒರೆಸಿ, ಲೋಟ ತೊಳೆದು, ರಾತ್ರಿ ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದ ಮಾಣಿ ‘ಯಾಕೆ’ ಅಂದರೆ ಊಟ, ಮಲಗುವ ಜಾಗ ಎರಡೂ ಹೋಗುತ್ತಿತ್ತು. ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಅನ್ನುವ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಇವರು ಸ್ವಂತ ಹೋಟೆಲ್ ಹಾಕಿಯಾಗಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞ ಮೆಲ್ವಿನ್ ಕೋನ್ 1969ರಲ್ಲೇ ಇದರ ಬಗ್ಗೆ ಬರೆದಿದ್ದರು. ಮೇಲಿನವರ ಕಣ್ಣೆದುರೇ ದುಡಿಯುವ ಅಪ್ಪಂದಿರು ಮಕ್ಕಳು ಹೇಳಿದ್ದು ಕೇಳಲಿ ಅಂತ ಜಾಸ್ತಿ ಬಯಸುತ್ತಾರೆ, ಕೆಲಸದಲ್ಲಿ ಸ್ವಂತ ತೀರ್ಮಾನಕ್ಕೆ ಜಾಗ ಇರುವವರು ಮಕ್ಕಳು ತಾವೇ ಯೋಚಿಸಲಿ ಅನ್ನುತ್ತಾರೆ. ಈ ಅಪ್ಪ ಈಗ ಮಾಲೀಕರು, ಆದರೂ ಮಾಣಿಯಾಗಿ ಕಲಿತದ್ದನ್ನೇ ಮಗನಿಗೆ ಕಲಿಸುತ್ತಿದ್ದಾರೆ. ಅದು ಅವರನ್ನು ಬದುಕಿಸಿದ ಪಾಠ, ಸುಮ್ನೆ ಕೆಟ್ಟ ಅಪ್ಪ ಅಂದುಬಿಡಲು ನನಗೆ ಮನಸ್ಸಾಗಲಿಲ್ಲ. ಆದರೆ ಹೀಗೆ ಬೆಳೆದ ಹುಡುಗ ನಾಳೆ ಯಾರೋ ಸಂಬಳ ಹಿಡಿದಿಟ್ಟರೂ ಬಾಯಿ ಬಿಡುವುದಿಲ್ಲ, ಅಲ್ವಾ? ಅದನ್ನೇ ಅವರಿಗೆ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಅವರ ಸಂಬಳವನ್ನೂ ಹಿಡಿದಿಟ್ಟಿದ್ದರಂತೆ, ಎರಡು ವರ್ಷ.

ಹೊಡೆಯುವುದು ಇವತ್ತಿಗೇ ನಿಲ್ಲಬೇಕು, ಅದರಲ್ಲಿ ಚೌಕಾಸಿ ಇಲ್ಲ ಅಂದೆ. ಕೆಲಸದವರ ಎದುರು ಹೊಡೆದದ್ದಕ್ಕೆ ಅವರ ಎದುರೇ ತಪ್ಪಾಯಿತು ಅನ್ನಬೇಕು. ಭಾನುವಾರ ಜನ ಯಾಕೆ ಸಾಲದು, ಹಾಲಿಗೆ, ಗ್ಯಾಸಿಗೆ, ಬಾಡಿಗೆಗೆ ಎಷ್ಟು ಹೋಗುತ್ತದೆ ಅಂತ ಮಗನಿಗೆ ಲೆಕ್ಕ ತೋರಿಸಿ ಅಂದೆ. ಪರೀಕ್ಷೆ ಮುಗಿಯುವ ತನಕ ಗಲ್ಲಾ ಬೇಡ. ಹುಡುಗನಿಗೆ, ಕೇಳು, ಖಂಡಿತ ಕೇಳು, ಆದರೆ ಗಿರಾಕಿ ತುಂಬಿರುವಾಗ ಬೇಡ, ಬಾಗಿಲು ಹಾಕಿದ ಮೇಲೆ ಕೇಳು ಅಂದೆ. ತಾಯಿಗೆ ಒಂದೇ ಮಾತು, ಇವರ ಮಾತು ಅವರಿಗೆ ಮುಟ್ಟಿಸುವುದನ್ನು ಬಿಡಿ.

ಮೂರನೇ ಸಲ ಬಂದಾಗ ತಾಯಿ ಹೇಳಿದರು, “ಈ ತಿಂಗಳು ಗ್ಯಾಸಿಗೆ ಯಾಕೆ ಇಷ್ಟು ಜಾಸ್ತಿ ಅಪ್ಪಯ್ಯಾ?” ಅಂತ ಮಗ ಕೇಳಿದನಂತೆ. ಅಪ್ಪ ಬಿಲ್ಲು ತೆಗೆದು ಎದುರಿಗಿಟ್ಟರಂತೆ. ತಪ್ಪಾಯಿತು ಅನ್ನುವ ಮಾತು ಮಾತ್ರ ಇನ್ನೂ ಬಾಕಿ ಇದೆ. ಮುಂದಿನ ಮಂಗಳವಾರ ಮತ್ತೆ ಬರುತ್ತಾರೆ.